ಹೊಟ್ಟೆ ಸೀಳಿದ ರಕಾರ

ನನ್ನಲ್ಲಿ ಗಣಿತ ಕಲಿತವರಿಗೆ ನಿರ್ದೇಶಾಂಕ ರೇಖಾಗಣಿತದ ಪಾಠ ನೆನಪಿರಬಹುದು. ಎಕ್ಸ್ ಅಕ್ಷ, ವೈ ಅಕ್ಷ, ನಡುವೆ ಮೂಲಬಿಂದು, ನಾಲ್ಕು ಚತುರ್ಥಕಗಳು. ಆ ಪಾಠ ಮುಗಿಯುವ ಹೊತ್ತಿಗೆ ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: "ಇದು ಮುಂದೆ ಎಲ್ಲಿ ಕೆಲಸಕ್ಕೆ ಬರ್ತದ್ರಿ ಸಾರ್?" ಬಿ.ಎಡ್. ತರಬೇತಿಯಲ್ಲಿ ಇಂಥ ಪ್ರಶ್ನೆಗೆ ಸಿದ್ಧ ಉತ್ತರಗಳನ್ನು ಕಲಿಸಿರುತ್ತಾರೆ. ನಕಾಶೆ, ಹಡಗು, ಉಪಗ್ರಹ ಎಂದು ಹೇಳಿ ಮುಂದಿನ ಅಧ್ಯಾಯಕ್ಕೆ ಹೋಗುವುದು ವಾಡಿಕೆ. ಹಡಗನ್ನು ಕಾಣದ ದಾವಣಗೆರೆಯ ಮಕ್ಕಳಿಗೆ ಆ ಉತ್ತರದಿಂದ ಎಷ್ಟು ಸಮಾಧಾನವಾಗುತ್ತಿತ್ತೋ ದೇವರೇ ಬಲ್ಲ.

ಈಚಿನ ಕೆಲವು ತಿಂಗಳುಗಳಲ್ಲಿ ಆ ಪ್ರಶ್ನೆಗೆ ನನ್ನ ಊರಿನಲ್ಲೇ, ನನ್ನ ಮನೆಯವರ ನಡುವೆಯೇ ಉತ್ತರವೊಂದು ಸಿಕ್ಕಿತು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಯಂತ್ರದ ವಿಷಯ ಬೇಸರ ತರಿಸುತ್ತದೆ ಎನ್ನುವವರು ನಡುವಿನ ಎರಡು ಪ್ಯಾರಾ ಹಾರಿಸಿ ಓದಬಹುದು. ಆದರೆ ಹಾರಿಸದಿದ್ದರೆ ನನಗೆ ಸಂತೋಷ.

ಹರಿಹರದಲ್ಲಿರುವ ನನ್ನ ತಂಗಿಗೆ ಎಂಟು ವರ್ಷದ ಮೊಮ್ಮಗನಿದ್ದಾನೆ. ಹುಟ್ಟಿನಿಂದಲೇ ಅವನಿಗೆ ದೃಷ್ಟಿಯಿಲ್ಲ. ಚುರುಕಾದ ಹುಡುಗ, ಬ್ರೈಲ್ ಲಿಪಿಯನ್ನು ನಾವು ಪತ್ರಿಕೆ ಓದುವಷ್ಟು ಸಲೀಸಾಗಿ ಓದುತ್ತಾನೆ. ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್ ಪದ್ಧತಿ 1951ರಲ್ಲಿ ರೂಪುಗೊಂಡಿತು. ಅದರಲ್ಲಿ ಕನ್ನಡದ 'ಕ'ಕಾರಕ್ಕೂ ಹಿಂದಿಯ 'ಕ'ಕಾರಕ್ಕೂ ಅವೇ ಎರಡು ಚುಕ್ಕೆಗಳು. ಬಹಳ ಜಾಣತನದ ಏರ್ಪಾಡು ಅದು. ಆದರೆ ಅದರಿಂದಾಗಿ, ಕನ್ನಡವನ್ನು ಚೆನ್ನಾಗಿ ಓದಬಲ್ಲ ಈ ಹುಡುಗನಿಗೆ ಕನ್ನಡದ ಅಕ್ಷರ ಯಾವ ಆಕಾರದಲ್ಲಿದೆ ಎಂಬುದು ತಿಳಿಯುವ ಪ್ರಸಂಗವೇ ಬಂದಿರಲಿಲ್ಲ. ಕಳೆದ ವರ್ಷ ದಸರೆಯ ರಜೆಯಲ್ಲಿ ಅವನು ಕೇಳಿದ: "ಅಜ್ಜಾ, ನೀವೆಲ್ಲ ಬರೆಯೋ ಕ ಹೆಂಗೈತಿ?"

ಅವನ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ರೇಖೆ ಎಳೆದಂತೆಲ್ಲ ಹಿಂದಿನದು ಮರೆಯಾಗುತ್ತದೆ ಎಂದು ಅವನು ದೂರಿದ. ದೂರು ನ್ಯಾಯವಾದದ್ದೇ ಆಗಿತ್ತು. ಇಡೀ ಅಕ್ಷರ ಒಟ್ಟಿಗೆ ಕೈಗೆ ಸಿಗಬೇಕು. ಎರಡೂ ಕೈಗಳಿಂದ ಸವರಿ ನೋಡುವಂತಿರಬೇಕು.

ಆಗ ನೆನಪಾದವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಹೇಳುವುದಿಲ್ಲ; ಅವನ ಸಹಪಾಠಿಗಳಿಗೆ ಹೇಳದೆಯೇ ಗೊತ್ತಾಗುತ್ತದೆ. ಗಣಿತದಲ್ಲಿ ಅಷ್ಟಕ್ಕಷ್ಟೆ, ಆದರೆ ಶಾಲೆಯ ವಾರ್ಷಿಕೋತ್ಸವದ ಫಲಕಗಳನ್ನೆಲ್ಲ ಬರೆಯುತ್ತಿದ್ದವನು ಅವನೇ. ಮುಂದೆ ದಾವಣಗೆರೆಯಲ್ಲಿ ಥರ್ಮೋಕೋಲ್ ಅಕ್ಷರ ಕತ್ತರಿಸುವುದನ್ನೇ ಜೀವನೋಪಾಯ ಮಾಡಿಕೊಂಡ. ಊರಿನ ಕಲ್ಯಾಣಮಂಟಪಗಳಲ್ಲಿ ವೇದಿಕೆಯ ಹಿಂದೆ ವಧೂವರರ ಹೆಸರು ಬಂಗಾರದ ಬಣ್ಣದ ಕಾಗದ ಹೊದ್ದು ಹೊಳೆಯುತ್ತಿದ್ದುದನ್ನು ನೀವೆಲ್ಲ ನೋಡಿದ್ದೀರಿ. ಅವುಗಳಲ್ಲಿ ಎಷ್ಟೋ ಹೆಸರುಗಳು ಇವನ ಕೈಯವು. ಬಿದಿರಿನ ಬಿಲ್ಲು, ಅದಕ್ಕೆ ಬಿಗಿದ ನೈಕ್ರೋಮ್ ತಂತಿ, ಹನ್ನೆರಡು ವೋಲ್ಟಿನ ಟ್ರಾನ್ಸ್‌ಫಾರ್ಮರ್. ಇಷ್ಟೇ ಅವನ ಉಪಕರಣ. ಕಾದ ತಂತಿಯನ್ನು ಹಾಳೆಯ ಮೇಲೆ ತೇಲಿಸಿಕೊಂಡು ಹೋದರೆ ಬೆಣ್ಣೆಯಲ್ಲಿ ಕತ್ತಿ ಆಡಿಸಿದಂತೆ ಅಕ್ಷರ ಹೊರಗೆ ಬರುತ್ತಿತ್ತು. ಪೆನ್ಸಿಲಿನ ಗುರುತೂ ಇರುತ್ತಿರಲಿಲ್ಲ.

ಕರ್ನಾಟಕ ಸರ್ಕಾರ 2016ರಲ್ಲಿಯೇ ಥರ್ಮೋಕೋಲಿನ ತಟ್ಟೆ ಮುಂತಾದವನ್ನು ನಿಷೇಧಿಸಿತ್ತು. 2022ರ ಜುಲೈ 1ರಿಂದ ಕೇಂದ್ರದ ನಿಯಮದಂತೆ ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದು ಇಡೀ ದೇಶದಲ್ಲಿ ನಿಂತಿತು. ನಿಷೇಧ ಸರಿಯಾದದ್ದೇ. ಮದುವೆಯ ಮಾರನೆಯ ದಿನ ಚರಂಡಿಯಲ್ಲಿ ತೇಲುತ್ತಿದ್ದ ಅರ್ಧಂಬರ್ಧ ಹೆಸರುಗಳನ್ನು ಕಂಡವರು ಅದನ್ನು ಅಲ್ಲಗಳೆಯಲಾರರು. ಅವನೂ ಅಲ್ಲಗಳೆಯುವುದಿಲ್ಲ. ಆದರೆ ಕಾಲು ಶತಮಾನ ಕೈಯಲ್ಲಿ ಕೂಡಿಟ್ಟ ವಿದ್ಯೆಗೆ ಒಂದೇ ದಿನದಲ್ಲಿ ಗಿರಾಕಿ ಇಲ್ಲವಾಯಿತು. ಈಗ ಹೂವಿನ ಅಲಂಕಾರದವರ ಜೊತೆ ಕೆಲಸ ಮಾಡುತ್ತಾನೆ. ಕಣ್ಣೂ ಮೊದಲಿನಂತಿಲ್ಲ.

ಅವನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಮನೆಯ ಮೇಲಿನ ತಗಡಿನ ಕೋಣೆಯಲ್ಲಿ ತಾನೇ ಒಂದು ಸಿಎನ್‌ಸಿ ಯಂತ್ರವನ್ನು ಜೋಡಿಸಿದ್ದಾನೆ. ಸಿಎನ್‌ಸಿ ಎಂದರೆ ಕಂಪ್ಯೂಟರಿನ ಸಂಖ್ಯೆಗಳ ಆಜ್ಞೆಯಂತೆ ನಡೆಯುವ ಯಂತ್ರ. ಎಡಕ್ಕೊಂದು ಬಲಕ್ಕೊಂದು ಎರಡು ಕಂಬ, ನಡುವೆ ಅಡ್ಡಲಾಗಿ ಬಿಗಿದ ಕಾದ ತಂತಿ. ಮೋಟಾರುಗಳು ತಂತಿಯನ್ನು ಹಿಂದೆ ಮುಂದೆ, ಮೇಲೆ ಕೆಳಗೆ ಒಯ್ಯುತ್ತವೆ. ಹಿಂದೆ ಮುಂದಿನದು ಎಕ್ಸ್, ಮೇಲೆ ಕೆಳಗಿನದು ವೈ. ನಮ್ಮ ಗ್ರಾಫ್ ಹಾಳೆಯೇ ಎದ್ದು ನಿಂತಂತೆ! ನಡುವೆ ಅರ್ಧ ಮೀಟರ್ ಉದ್ದದ ಫೋಮ್ ದಿಮ್ಮಿ ಇಟ್ಟರೆ ಒಂದೇ ಅಕ್ಷರದ ಉದ್ದನೆಯ ದಿಂಡು ತಯಾರಾಗುತ್ತದೆ. ಅದನ್ನು ಮೈಸೂರು ಪಾಕಿನಂತೆ ಅಡ್ಡಡ್ಡ ಕೊಯ್ದರೆ ಇಪ್ಪತ್ತು ಅಕ್ಷರ. ಹರಿಹರದ ಸಣ್ಣ ಫೌಂಡ್ರಿಯೊಂದಕ್ಕೆ ಅವನು ಫೋಮಿನ ಅಚ್ಚುಗಳನ್ನು ಮಾಡಿಕೊಡುತ್ತಾನೆ. ಆ ಅಚ್ಚನ್ನು ಮರಳಿನಲ್ಲಿ ಹೂತು ಕಾದ ಲೋಹ ಸುರಿದರೆ ಫೋಮ್ ಆವಿಯಾಗಿ ಹೋಗಿ ಆ ಜಾಗದಲ್ಲಿ ಲೋಹ ನಿಲ್ಲುತ್ತದೆ. 1958ರಲ್ಲಿ ಅಮೆರಿಕದ ಎಚ್. ಎಫ್. ಶ್ರೋಯರ್ ಪೇಟೆಂಟ್ ಪಡೆದ ವಿಧಾನವಿದು. ಮೊಮ್ಮಗನ ವಿಷಯ ಹೇಳಿದಾಗ ಅವನು, "ಥರ್ಮೋಕೋಲ್ ಬೇಡ ಸಾರ್, ಅದರ ಕಾಳು ಬೆರಳಿಗೆ ಹತ್ತುತ್ತವೆ. ಒತ್ತಾದ ಎಕ್ಸ್‌ಪಿಎಸ್ ಹಲಗೆಯಲ್ಲಿ ಮಾಡೋಣ, ವರ್ಷಗಟ್ಟಲೆ ಬಾಳುತ್ತೆ" ಎಂದ.

ಇಲ್ಲಿಂದ ಮುಂದೆ ವಿದ್ಯಾರ್ಥಿ ನಾನಾದೆ.

ಅಕ್ಷರದ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದರೆ ಯಂತ್ರ ಅದನ್ನು ನೋಡಿ ಕತ್ತರಿಸುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಯಂತ್ರಕ್ಕೆ ನೋಡಲು ಬಾರದು. ಹೇಳಿದ್ದನ್ನು ಕೇಳಲು ಮಾತ್ರ ಬರುತ್ತದೆ. ಆದ್ದರಿಂದ ಮೊದಲು ಚಿತ್ರವು ಸಂಖ್ಯೆಗಳಾಗಬೇಕು, ಆಮೇಲೆ ಸಂಖ್ಯೆಗಳು ಆಜ್ಞೆಗಳಾಗಬೇಕು. ಮೊದಲನೆಯ ಹೆಜ್ಜೆಯ ಕಡತಕ್ಕೆ ಡಿಎಕ್ಸ್‌ಎಫ್ ಎಂದು ಹೆಸರು. 1982ರಲ್ಲಿ ಆಟೋಕ್ಯಾಡ್ ತಂತ್ರಾಂಶದ ಜೊತೆ ಬಂದದ್ದು. ಆ ಕಡತವನ್ನು ಹುಡುಗ ತೆರೆದು ತೋರಿಸಿದ. ಒಳಗೆ ಚಿತ್ರವೇ ಇಲ್ಲ! ಒಂದು ಸಾಲಿನಲ್ಲಿ 10 ಎಂದಿದ್ದರೆ ಮುಂದಿನ ಸಾಲಿನಲ್ಲಿ ರೇಖೆ ಹೊರಡುವ ಬಿಂದುವಿನ ಎಕ್ಸ್. 20 ಎಂದಿದ್ದರೆ ಅದರ ವೈ. 11 ಮತ್ತು 21 ಎಂದರೆ ರೇಖೆ ಮುಗಿಯುವ ಬಿಂದುವಿನ ಎಕ್ಸ್ ಮತ್ತು ವೈ. ಹೀಗೆ ಪುಟಗಟ್ಟಲೆ. ನಮ್ಮ ಹಳೆಯ ತರಗತಿಯ ಮನೆಗೆಲಸದ ಪುಸ್ತಕವೇ ಸರಿ. ಇನ್ನೂ ಒಂದು ವಿಚಿತ್ರವೆಂದರೆ, ರೇಖೆಗಳು ಅಲ್ಲಿ ಬರೆದ ಕ್ರಮದಲ್ಲಿರುತ್ತವೆಯೇ ಹೊರತು ಕತ್ತರಿಸುವ ಕ್ರಮದಲ್ಲಿ ಅಲ್ಲ. ಮೊದಲ ರೇಖೆ ಅಕ್ಷರದ ನೆತ್ತಿಯಲ್ಲಿದ್ದರೆ ಎರಡನೆಯದು ಪಾದದಲ್ಲಿರಬಹುದು. 25 ಎಂದರೆ 25 ಮಿಲಿಮೀಟರೋ 25 ಇಂಚೋ ಎಂಬುದನ್ನು ಕಡತದ ತಲೆಯಲ್ಲಿ ಬೇರೆಯಾಗಿ ಹೇಳಿರಬೇಕು. ಹೇಳದಿದ್ದರೆ ಅಂಗೈಯಗಲದ ಅಕ್ಷರ 25.4 ಪಟ್ಟು ಬೆಳೆದು ಕೋಣೆಯನ್ನೇ ಮೀರೀತು.

ಕನ್ನಡಕ್ಕೆ ಇನ್ನೂ ಒಂದು ತೊಡಕಿದೆ. ಅನೇಕ ಕ್ಯಾಡ್ ತಂತ್ರಾಂಶಗಳಲ್ಲಿ ನೇರವಾಗಿ ಕನ್ನಡ ಟೈಪಿಸಿದರೆ ಒತ್ತಕ್ಷರ, ಗುಣಿತದ ಚಿಹ್ನೆಗಳೆಲ್ಲ ಮೂಲಾಕ್ಷರದಿಂದ ಬಿಟ್ಟುಹೋಗಿ ಸಾಲಾಗಿ ನಿಲ್ಲುತ್ತವೆ. ಹುಡುಗ ಅದಕ್ಕೆ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆದು, ಅಕ್ಷರವನ್ನು ಹೊರರೇಖೆಯಾಗಿ ಪರಿವರ್ತಿಸಿ, ಆಮೇಲೆ ಡಿಎಕ್ಸ್‌ಎಫ್ ಮಾಡುತ್ತಾನೆ. ನಮ್ಮ ಲಿಪಿಯೋ ಮೊದಲೇ ದುಂಡನೆಯದು. ಸರಳರೇಖೆಯನ್ನು ದುರ್ಬೀನು ಹಾಕಿ ಹುಡುಕಬೇಕು. ಆ ವಕ್ರರೇಖೆಗಳನ್ನು ಸಣ್ಣ ಸಣ್ಣ ಸರಳರೇಖೆಗಳಾಗಿ ಒಡೆಯಬೇಕಾಗುತ್ತದೆ. ಎಷ್ಟು ಸಣ್ಣ? ಇದು ನನ್ನ ಕ್ಷೇತ್ರ. ಕಾಗದ ತೆಗೆದುಕೊಂಡು ಕುಳಿತೆ. 40 ಮಿ.ಮೀ. ತ್ರಿಜ್ಯದ ವೃತ್ತವನ್ನು 36 ಭುಜಗಳಾಗಿ ಒಡೆದರೆ ನಿಜವಾದ ವೃತ್ತಕ್ಕೂ ಭುಜದ ನಡುವಿಗೂ 0.15 ಮಿ.ಮೀ. ಅಂತರ. 72 ಭುಜ ಮಾಡಿದರೆ 0.04ಕ್ಕೆ ಇಳಿಯುತ್ತದೆ. ಪೈ ಬೆಲೆ ಹುಡುಕಲು ಆರ್ಕಿಮಿಡೀಸ್ 96 ಭುಜಗಳವರೆಗೆ ಹೋಗಿದ್ದನಲ್ಲವೇ? ನಮಗೆ 72 ಸಾಕೆಂದು ತೀರ್ಮಾನಿಸಿದೆವು.

ಇನ್ನು ಆಜ್ಞೆಗಳು. ಅವಕ್ಕೆ ಜಿ-ಕೋಡ್ ಎನ್ನುತ್ತಾರೆ. ಸಂಖ್ಯೆಗಳಿಂದ ನಡೆಯುವ ಯಂತ್ರವನ್ನು ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಪ್ರದರ್ಶಿಸಿದರು. ಆಗ ಆಜ್ಞೆಗಳಿದ್ದದ್ದು ತೂತು ಹೊಡೆದ ಕಾಗದದ ಪಟ್ಟಿಯ ಮೇಲೆ. ಮನೆಯಲ್ಲಿ ಯಂತ್ರ ಮಾಡಿಕೊಳ್ಳುವ ಹವ್ಯಾಸಿಗಳು ಇಂದಿಗೂ ಬರೆಯುವುದು ಆ ವಂಶದ ಭಾಷೆಯನ್ನೇ. ಹುಡುಗನ ಕಡತದ ಮೊದಲ ಸಾಲುಗಳು ಹೀಗಿದ್ದವು:

ಜಿ21
ಜಿ90
ಎಂ3 ಎಸ್600
ಜಿ1 ಎಕ್ಸ್20 ವೈ85 ಎಫ್300

ಮೊದಲ ಸಾಲು, ಅಳತೆ ಮಿಲಿಮೀಟರಿನಲ್ಲಿದೆ ಎನ್ನುತ್ತದೆ. ಎರಡನೆಯದು, ಎಲ್ಲ ದೂರಗಳನ್ನೂ ಮೂಲಬಿಂದುವಿನಿಂದಲೇ ಅಳೆಯತಕ್ಕದ್ದು ಎನ್ನುತ್ತದೆ. ಮೂರನೆಯದು ತಂತಿಯನ್ನು ಇಷ್ಟು ಕಾಯಿಸು ಎಂಬುದು. ಬೇರೆ ಯಂತ್ರಗಳಲ್ಲಿ ಕೊರೆಯುವ ಮೋಟಾರಿಗೆ ಕೊಡುವ ಆಜ್ಞೆಯನ್ನು ಇಲ್ಲಿ ತಂತಿಯ ಬಿಸಿಗೆ ಬಳಸಿಕೊಂಡಿದ್ದಾನೆ. ನಾಲ್ಕನೆಯದು, ನಿಮಿಷಕ್ಕೆ 300 ಮಿ.ಮೀ. ವೇಗದಲ್ಲಿ 20, 85 ಎಂಬ ಬಿಂದುವಿಗೆ ನೇರವಾಗಿ ಹೋಗು ಎಂಬುದು. ಇದನ್ನು ಓದುವುದು ಆರ್ಡುಯಿನೊ ಎಂಬ ಪುಟ್ಟ ಫಲಕದ ಮೇಲಿರುವ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕಾಗ್ಸ್‌ರುಡ್ ಬರೆದು ಹಂಚಿದ್ದು. ಅದರ ಓದುವ ರೀತಿ ನನಗೆ ಬಹಳ ಹಿಡಿಸಿತು. ಒಂದು ಸಾಲು ಕೇಳಿಸಿಕೊಂಡು 'ಓಕೆ' ಎಂದು ಹೇಳಿ ಮುಂದಿನ ಸಾಲಿಗೆ ಕಾಯುತ್ತದೆ. ಉಕ್ತಲೇಖನ ಬರೆಯುವ ವಿಧೇಯ ವಿದ್ಯಾರ್ಥಿಯ ಹಾಗೆ. ಇಂಥವರು ನನ್ನ ತರಗತಿಯಲ್ಲಿ ಅಪರೂಪವಾಗಿದ್ದರು ಎಂಬುದನ್ನು ಓದುಗರಲ್ಲಿ ಕೆಲವರು ಒಪ್ಪಿಯಾರು.

ಮೋಟಾರಿನ ಲೆಕ್ಕವೂ ಸೊಗಸಾದದ್ದು. ಒಂದು ಹೆಜ್ಜೆಗೆ 1.8 ಡಿಗ್ರಿ, ಅಂದರೆ ಸುತ್ತಿಗೆ 200 ಹೆಜ್ಜೆ. ಪ್ರತಿ ಹೆಜ್ಜೆಯನ್ನೂ ಹದಿನಾರು ಭಾಗ ಮಾಡಿದರೆ 3200. ಮೋಟಾರು ಒಂದು ಸುತ್ತು ಬಂದಾಗ ತಿರುಪು ತಂತಿಯನ್ನು 8 ಮಿ.ಮೀ. ಒಯ್ದರೆ ಮಿಲಿಮೀಟರಿಗೆ 400 ಹೆಜ್ಜೆ. ಏಳನೆಯ ತರಗತಿಯ ಭಾಗಾಕಾರದಿಂದ ಆಗುವ ಕೆಲಸ.

ಅಳತೆಯ ವಿಷಯದಲ್ಲಿ ಮಾತ್ರ ನನಗೆ ಬೇರೊಬ್ಬ ಗುರು ಬೇಕಾಯಿತು. ಕಾದ ತಂತಿ ತಾನು ಹೋದಲ್ಲೆಲ್ಲ ಒಂದಿಷ್ಟು ಫೋಮನ್ನು ಕರಗಿಸಿ ತಿಂದುಬಿಡುತ್ತದೆ. 50 ಮಿ.ಮೀ. ಚೌಕ ಕತ್ತರಿಸಿದರೆ ಕೈಗೆ ಸಿಗುವುದು 48.8. ತಂತಿ ತಿಂದದ್ದು 1.2, ಆದ್ದರಿಂದ ದಾರಿಯನ್ನು ಹೊರಗಡೆ 0.6 ಮಿ.ಮೀ. ಸರಿಸಬೇಕು. ಒಳಗಿನ ರಂಧ್ರವಾದರೆ ಒಳಮುಖವಾಗಿ ಸರಿಸಬೇಕು. ನಿಧಾನವಾಗಿ ಹೋದರೆ ತಂತಿ ಹೆಚ್ಚು ತಿನ್ನುತ್ತದೆ; ಅವಸರಪಟ್ಟರೆ ತಂತಿ ನಡುವೆ ಬಾಗಿ ಹಿಂದೆ ಉಳಿದು ಮೂಲೆಗಳನ್ನು ಸವೆಸುತ್ತದೆ.

ಇದನ್ನು ತಂಗಿಯ ಮನೆಯಲ್ಲಿ ಹೇಳುತ್ತಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು ನಕ್ಕರು. ಅವರು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದವರು. ಹರಿಹರದವರಿಗೆ ಹೇಳಬೇಕಾಗಿಲ್ಲ, ಹೊರಗಿರುವ ಮಕ್ಕಳಿಗಾಗಿ ಬರೆಯುತ್ತೇನೆ: 1941ರಲ್ಲಿ ಆರಂಭವಾದ ಆ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೂ ಹೋಗುತ್ತಿದ್ದವು. ಯಂತ್ರಾಪುರವೆಂಬ ಬಡಾವಣೆಯ ಹೆಸರು ಅದರ ಗುರುತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಆ ಹಿರಿಯರ ಪೆಟ್ಟಿಗೆಯಲ್ಲಿ ಒಂದು ಸ್ಕೇಲು ಇನ್ನೂ ಇದೆ. ಅದರ ಒಂದು ಮೀಟರ್ ನಿಜವಾದ ಮೀಟರಿಗಿಂತ ಹತ್ತು ಮಿ.ಮೀ. ಉದ್ದ! ಎರಕದ ಕಬ್ಬಿಣ ತಣಿಯುವಾಗ ಶೇಕಡಾ ಒಂದರಷ್ಟು ಕುಗ್ಗುತ್ತದೆ. ಆದ್ದರಿಂದ ಅಚ್ಚನ್ನು ಮೊದಲೇ ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿ ಸಲವೂ ಲೆಕ್ಕ ಹಾಕುವ ಬದಲು ಸ್ಕೇಲನ್ನೇ ಹಿಗ್ಗಿಸಿಬಿಟ್ಟಿದ್ದರು. "ನಿಮ್ಮ ಹುಡುಗ ಕಂಪ್ಯೂಟರಿನಲ್ಲಿ ಸರಿಸೋದನ್ನ ನಾವು ಕೋಲಿನಲ್ಲೇ ಸರಿಸಿ ಇಟ್ಟುಕೊಂಡಿದ್ವಿ ಮೇಷ್ಟ್ರೇ" ಎಂದರು. ಹುಡುಗನನ್ನು ಅವರ ಬಳಿ ಕರೆದೊಯ್ದೆ. ಫೌಂಡ್ರಿಯ ಅಚ್ಚುಗಳಿಗೆ ತಂತಿಯ ಲೆಕ್ಕ, ಲೋಹದ ಲೆಕ್ಕ ಎರಡನ್ನೂ ಹೇಗೆ ಸೇರಿಸಬೇಕೆಂದು ಇಬ್ಬರೂ ಎರಡು ಗಂಟೆ ಚರ್ಚಿಸಿದರು. ನನಗೆ ಚಹಾ ಕುಡಿಯುವ ಕೆಲಸ ಮಾತ್ರ ಉಳಿದಿತ್ತು.

ಅಂತೂ ಮೊದಲ ಕಂತಿನ ಅಕ್ಷರಗಳು ತಯಾರಾದವು. ಸುಲಭವೆಂದು ದ, ಧ, ಡ, ಢ, ರ ಇವನ್ನು ಆಯ್ದಿದ್ದೆವು. ಒಂದು ಭಾನುವಾರ ಚೀಲದಲ್ಲಿ ಹಾಕಿಕೊಂಡು ಹರಿಹರಕ್ಕೆ ಹೋದೆ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಿ ಕುಳಿತು ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದೆ, ಮುರಿದೀತೆಂಬ ಭಯ.

ಹುಡುಗ ದಕಾರವನ್ನು ಎತ್ತಿಕೊಂಡು ಸವರಿದ. ಆಮೇಲೆ ಧಕಾರ. ಎರಡೂ ಒಂದೇ, ಆದರೆ ಇದಕ್ಕೆ ಕೆಳಗೆ ಏನೋ ಇದೆ ಎಂದ. ಅದೇ ಮಹಾಪ್ರಾಣದ ಗುರುತು, ನಾವು ಅದಕ್ಕೆ ಹೊಟ್ಟೆ ಸೀಳುವುದು ಎನ್ನುತ್ತೇವೆ ಎಂದು ಹೇಳಿಕೊಟ್ಟೆ. ಅವನಿಗೆ ಆ ಮಾತು ಬಹಳ ತಮಾಷೆಯೆನಿಸಿತು. ಡ ಮತ್ತು ಢ ಕೊಟ್ಟಾಗ ತಾನೇ ಹೇಳಿದ, ಇದು ಹೊಟ್ಟೆ ಸೀಳಿದ್ದು ಎಂದು. ಕೊನೆಗೆ ರಕಾರ ಕೊಟ್ಟೆ. ಉಂಗುರವನ್ನು ಸುತ್ತಲೂ ಸವರಿ, ತಲೆಕಟ್ಟನ್ನು ಮುಟ್ಟಿ, ಮತ್ತೆ ಉಂಗುರದ ಕೆಳಭಾಗಕ್ಕೆ ಬೆರಳು ಒಯ್ದು ನಿಂತ. "ಅಜ್ಜಾ, ರಕ್ಕೂ ಹೊಟ್ಟೆ ಸೀಳಿರ್ತಾರಾ?"

ನನ್ನ ಕಣ್ಣಿಗೆ ಅಲ್ಲಿ ಏನೂ ಕಾಣಲಿಲ್ಲ. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದಾಗ ಕೂದಲೆಳೆಯಷ್ಟು ಒಂದು ಗೀಟು ಕಂಡಿತು. ಅಂಟು ಹಾಕಿ ಒತ್ತಿದ್ದರಿಂದ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು.

ಅದು ಬಂದ ಬಗೆ ಹೀಗೆ. ಬಿಸಿ ತಂತಿಯ ಎರಡೂ ತುದಿಗಳನ್ನು ಕಂಬಗಳಿಗೆ ಕಟ್ಟಿರುವುದರಿಂದ ಅದು ಮುಚ್ಚಿದ ರಂಧ್ರದೊಳಗೆ ಇಳಿಯಲಾರದು. ಹೊರಗಿನಿಂದ ಅಕ್ಷರದ ಮೈಯನ್ನು ಒಂದು ಕಡೆ ಸೀಳಿಕೊಂಡು ಒಳಹೋಗಿ, ರಂಧ್ರವನ್ನು ಸುತ್ತಿ, ಅದೇ ಸೀಳಿನಿಂದ ಹೊರಬಂದು, ಆಮೇಲೆ ಹೊರರೇಖೆಯನ್ನು ಸುತ್ತಬೇಕು. ಒಳಗಿನದು ಮೊದಲು, ಹೊರಗಿನದು ಕೊನೆಗೆ. ಹಿಂದುಮುಂದಾದರೆ ತುಂಡು ದಿಮ್ಮಿಯಿಂದ ಬಿಡಿಸಿಕೊಂಡು ಅಲುಗಾಡುತ್ತದೆ. ಎಲ್ಲಿ ಸೀಳಬೇಕು ಎಂಬುದನ್ನು ಚಿತ್ರ ಹೇಳುವುದಿಲ್ಲ. ಪರಿವರ್ತಿಸುವ ತಂತ್ರಾಂಶ ತನಗೆ ಅನುಕೂಲವಾದ ಬಿಂದುವನ್ನು ಹಿಡಿಯಿತು. ಹೊರರೇಖೆ ಉಂಗುರದ ತಳದಲ್ಲಿ ಆರಂಭವಾಗಿತ್ತು, ಅಲ್ಲೇ ಸೀಳಿತು. ಇಂಗ್ಲಿಷಿನ 'ಓ' ಅಕ್ಷರವಾಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಕನ್ನಡದಲ್ಲಿ ಆ ಜಾಗಕ್ಕೆ ಅರ್ಥವಿದೆ. ಅಂಟು ಹಾಕಿ ಮುಚ್ಚಿದ್ದು ಕಣ್ಣಿರುವವರಿಗೆ ಸಾಕಾಗಿತ್ತು, ಬೆರಳಿಗೆ ಸಾಕಾಗಲಿಲ್ಲ.

ದಾವಣಗೆರೆಗೆ ಮರಳಿ ಇದನ್ನು ಹೇಳಿದಾಗ ಹುಡುಗ ತಂತ್ರಾಂಶದ ಆಯ್ಕೆಗಳನ್ನು ತಡಕಾಡತೊಡಗಿದ. ಅಪ್ಪ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದವನು ಒಳಗೆ ಬಂದ. ಅಲ್ಲಿಯವರೆಗೆ ಅವನು ಆ ಯಂತ್ರದ ಹತ್ತಿರ ಸುಳಿದದ್ದನ್ನು ನಾನು ಕಂಡಿರಲಿಲ್ಲ. ಮಗ ಮಾಡಿದ ಯಂತ್ರದ ಮೇಲೆ ಅವನಿಗೆ ಸಿಟ್ಟಿತ್ತೆಂದು ಹೇಳಲಾರೆ. ಆದರೆ ತನ್ನ ಬಿಲ್ಲು ಮೂಲೆಯಲ್ಲಿ ನಿಂತಿರುವಾಗ ಇನ್ನೊಂದು ತಂತಿ ಅದೇ ಅಕ್ಷರಗಳನ್ನು ಕತ್ತರಿಸುವುದನ್ನು ನೋಡುವುದು ಯಾರಿಗಾದರೂ ಕಷ್ಟವೇ. ಅವನು ರಕಾರವನ್ನು ಕೈಗೆತ್ತಿಕೊಂಡು, "ರಕ್ಕೆ ಇಲ್ಲಿ ಯಾರು ಹೋಗ್ತಾರೋ? ತಲೆಕಟ್ಟಿನ ಸಂದಿಯಿಂದ ಹೋಗ್ಬೇಕು" ಎಂದ.

ಯಾಕೆ ಎಂದು ಕೇಳಿದೆ. ಅವನಿಗೆ ಕೂಡಲೇ ಹೇಳಲು ಬರಲಿಲ್ಲ. ಬಿಲ್ಲು ತರಿಸಿ, ತಂತಿ ಕಾಯಿಸದೆಯೇ, ಗಾಳಿಯಲ್ಲಿ ಅಕ್ಷರವನ್ನು ಕತ್ತರಿಸಿ ತೋರಿಸಿದ. ಉಂಗುರ ತಲೆಕಟ್ಟನ್ನು ಕೂಡುವ ಕಡೆ ಮೊದಲೇ ಒಂದು ಕೊರಕಲು ಇದೆ. ಸೀಳು ಅದರೊಳಗೆ ಅಡಗುತ್ತದೆ. ಅಲ್ಲದೆ ಬರೆಯುವಾಗ ಕೈ ಉಂಗುರ ಮುಗಿಸಿ ತಲೆಕಟ್ಟಿಗೆ ತಿರುಗುವುದೂ ಅಲ್ಲೇ. "ಪೆನ್ನು ಎಲ್ಲಿ ಎತ್ತುತ್ತೀವೋ ಅಲ್ಲೇ ತಂತಿ ಹೋಗ್ಬೇಕು ಸಾರ್" ಎಂದ. ಹೀಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅವನೂ ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಠಕಾರದ ಕಥೆಯನ್ನೂ ಅವನೇ ಹೇಳಿದ. ಅದರ ಒಳಗಿನ ಚುಕ್ಕೆ ಯಾವುದಕ್ಕೂ ಅಂಟಿಕೊಂಡಿಲ್ಲ, ಕತ್ತರಿಸಿದೊಡನೆ ಉದುರುತ್ತದೆ. ಒತ್ತಕ್ಷರವೂ ಹಾಗೆಯೇ. 'ಅಮ್ಮ' ಎಂದು ಕತ್ತರಿಸಿದರೆ ಕೆಳಗಿನ ಒತ್ತು ಬೇರೆ ತುಂಡು. ಅವನ್ನು ಹಲಗೆಯ ಮೇಲೆ ಅಂಟಿಸುವಾಗ ಕಣ್ಣಳತೆ ನಂಬಬಾರದು. ಅಕ್ಷರ ತೆಗೆದ ಮೇಲೆ ಉಳಿಯುವ ಚೌಕಟ್ಟನ್ನು ಎಸೆಯದೆ ಹಲಗೆಯ ಮೇಲಿಟ್ಟು, ತುಂಡುಗಳನ್ನು ಅವುಗಳ ಗುಂಡಿಯಲ್ಲೇ ಕೂರಿಸಿ ಅಂಟಿಸಿ, ಆಮೇಲೆ ಚೌಕಟ್ಟು ಎತ್ತಬೇಕು. ಮಗ ಅಲ್ಲಿಯವರೆಗೆ ಚೌಕಟ್ಟುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬುತ್ತಿದ್ದ.

ಆ ಸಂಜೆಯೇ ರಕಾರದ ಕಡತವನ್ನು ತಿದ್ದಿದರು. ಜಿ-ಕೋಡಿನಲ್ಲಿ ಬದಲಾದದ್ದು ಕೆಲವೇ ಸಾಲು. ಕಿಟಕಿ ತೆರೆದು ಫ್ಯಾನ್ ಹಾಕಿ ಯಂತ್ರ ಚಾಲೂ ಮಾಡಿದ. ಫೋಮ್ ಕರಗುವ ಹೊಗೆ ಒಳ್ಳೆಯದಲ್ಲ. ಮನೆಯಲ್ಲಿ ಇಂಥದನ್ನು ಮಾಡುವವರು ಗಾಳಿಯಾಡುವ ಜಾಗದಲ್ಲೇ ಮಾಡತಕ್ಕದ್ದು. ತಂತಿ ತಲೆಕಟ್ಟಿನ ಸಂದಿಯಿಂದ ಒಳಗಿಳಿದು ಸುತ್ತಿಬಂದು ಹೊರಬೀಳಲು ಮೂರು ನಿಮಿಷ ಹಿಡಿಯಿತು. ಅಪ್ಪ ಕದಲದೆ ನೋಡುತ್ತಿದ್ದ. ಒಂದು ತಿರುವಿನಲ್ಲಿ, "ಇಲ್ಲಿ ಸ್ವಲ್ಪ ನಿಧಾನ" ಎಂದ. ಮಗ ಆ ಸಾಲಿನ ಎಫ್300ನ್ನು ಎಫ್220 ಮಾಡಿದ.

ಹೊಸ ರಕಾರ ಹಿಡಿದು ಹರಿಹರಕ್ಕೆ ಹೋದ ದಿನ ಮೊಮ್ಮಗನನ್ನು ಹರಿಹರೇಶ್ವರ ದೇವಸ್ಥಾನಕ್ಕೂ ಕರೆದೊಯ್ದಿದ್ದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಅದರ ಮಂಟಪದ ಕಂಬಗಳು ತಿರುಗಣಿಯಲ್ಲಿ ಕಡೆದಂಥವು. ಕಿರ್ಲೋಸ್ಕರ್ ಬರುವುದಕ್ಕೆ ಏಳುನೂರು ವರ್ಷ ಮೊದಲೇ ಹರಿಹರದಲ್ಲಿ ಲೇತಿನ ಕೆಲಸವಿತ್ತು ಎಂದು ಪಕ್ಕದ ಮನೆಯ ಹಿರಿಯರು ಆಗಾಗ ಹೇಳುವುದುಂಟು. ಹುಡುಗ ಒಂದು ಕಂಬವನ್ನು ತಬ್ಬಿ ಅದರ ಉಬ್ಬುತಗ್ಗುಗಳನ್ನು ಮೇಲಿನಿಂದ ಕೆಳಗೆ ಸವರಿ, ಇದನ್ನು ತಿರುಗಿಸಿ ಮಾಡಿದ್ದಾರೆ ಅಲ್ಲವೇ ಎಂದು ಕೇಳಿದ. ನಾನು ಹೇಳಿರಲಿಲ್ಲ.

ಮನೆಗೆ ಬಂದು ರಕಾರವನ್ನು ಕೈಗಿಟ್ಟೆ. ಉಂಗುರ ಸುತ್ತಿದ; ಹೊಟ್ಟೆ ನುಣುಪಾಗಿತ್ತು. ತಲೆಕಟ್ಟಿನ ಸಂದಿಗೆ ಬಂದಾಗ ಬೆರಳು ನಿಂತಿತು. ಸೀಳನ್ನು ಪತ್ತೆಹಚ್ಚಿದನೆಂದು ನನಗೆ ಗೊತ್ತಾಯಿತು. "ಇಲ್ಲಿಂದ ತಲೆಕಟ್ಟಿಗೆ ತಿರುಗಿಸ್ತೀರಾ?" ಎಂದ. ಹೌದೆಂದೆ. ಅದೇ ಸಂದಿಯನ್ನು ಹಿಡಿದುಕೊಂಡು ಅವನು ನೆಲದ ಮೇಲೆ ಬೆರಳಿನಿಂದ ರ ಬರೆದ. ತಂಗಿ ಒಳಗಿನಿಂದ ಹಿಟ್ಟಿನ ತಟ್ಟೆ ತಂದು ಮುಂದಿಟ್ಟಳು. ಹಿಟ್ಟಿನಲ್ಲಿ ಮತ್ತೆ ಬರೆದ. ದಾವಣಗೆರೆಯಲ್ಲಿ ಯಾವ ಮಗು ಬರೆದರೂ ಹೀಗೇ ಇರುತ್ತಿತ್ತು, ಸ್ವಲ್ಪ ಸೊಟ್ಟಗೆ.

ಈಗ ಆ ತಗಡಿನ ಕೋಣೆಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಪುಟಕ್ಕೊಂದು ಅಕ್ಷರ. ನನ್ನ ಹಳೆಯ ವಿದ್ಯಾರ್ಥಿ ದಪ್ಪ ಸ್ಕೆಚ್ ಪೆನ್ನಿನಲ್ಲಿ ಅಕ್ಷರ ಬರೆದು, ತಂತಿ ಒಳಹೋಗುವ ಸಂದಿಗೆ ಕೆಂಪು ಬಾಣ ಹಾಕುತ್ತಾನೆ. ನಿಧಾನಿಸಬೇಕಾದ ತಿರುವುಗಳಿಗೆ ಒಂದು ಸೊನ್ನೆ. ಮಗ ಅದನ್ನು ನೋಡಿಕೊಂಡು ಪ್ರತಿ ಅಕ್ಷರಕ್ಕೂ ಕಡತ ತಯಾರಿಸುತ್ತಾನೆ. ನಲವತ್ತೊಂಬತ್ತರಲ್ಲಿ ಮೂವತ್ತೊಂದು ಮುಗಿದಿವೆ. ಆಮೇಲೆ ಕಾಗುಣಿತವಿದೆ, ಒತ್ತಕ್ಷರಗಳಿವೆ. ಳಕಾರದ ಪುಟದಲ್ಲಿ ಮಾತ್ರ ಎರಡು ಬಾಣಗಳಿವೆ, ಒಂದು ಅಪ್ಪನದು, ಇನ್ನೊಂದು ಮಗನದು. ಕಳೆದ ವಾರ ನಾನು ಹೋದಾಗಲೂ ಅವರ ವಾದ ಮುಗಿದಿರಲಿಲ್ಲ. ಎರಡೂ ಬಗೆಯಲ್ಲಿ ಕತ್ತರಿಸಿ ಹರಿಹರಕ್ಕೆ ಒಯ್ಯುವುದೆಂದು ತೀರ್ಮಾನವಾಗಿದೆ.